ಹೊಳೆದಂಡೆಯಲ್ಲಿ ಒಂದೇ ರಾತ್ರಿಗೆ ದಾಸ್ತಾನೆಲ್ಲ ಖಾಲಿ: ಇದು ಯಾರ ಕೆಲಸ?

ತೆಂಗಿನ ನೆರಳು, ಮಂಡ್ಯ

ಪ್ರಶ್ನೆಯನ್ನು ನೇರವಾಗಿಯೇ ಇಡುತ್ತೇನೆ. ಕಾವೇರಿ ದಂಡೆಯಲ್ಲಿ ಡೇರೆ ಹಾಕಿದವರ ಅಡುಗೆ ಸಾಮಾನನ್ನು ಯಾವ್ಯಾವ ಪ್ರಾಣಿ ಹೊತ್ತೊಯ್ಯುತ್ತದೆ, ಯಾವುದು ಎಂಥ ಗುರುತು ಬಿಟ್ಟುಹೋಗುತ್ತದೆ ಎಂದು ಬಲ್ಲವರು ತಿಳಿಸಬೇಕು.

ಜಾಗ ಮಳವಳ್ಳಿ ತಾಲ್ಲೂಕಿನದು. ಶಿವನಸಮುದ್ರದಿಂದ ಕೆಳಗೆ, ಪರಿಚಯದವರ ತೆಂಗಿನ ತೋಟ. ತೋಟ ಅಭಯಾರಣ್ಯದ ಗಡಿಯ ಹೊರಗಿದೆ, ಮಾಲೀಕರ ಒಪ್ಪಿಗೆಯೂ ಇತ್ತು. ಹೊಳೆಯ ಆಚೆ ದಡದಿಂದ ಕಾಡು ಶುರುವಾಗುತ್ತದೆ.

ಮೊದಲ ಕಳ್ಳತನ ಹಾಡಹಗಲೇ ನಡೆಯಿತು. ನಾವು ಹೊಳೆಗೆ ಇಳಿದಿದ್ದಾಗ ಡೇರೆಯ ಜಿಪ್ ಸರಿದಿದೆ. ಒಂದು ಚಿಪ್ಪು ರಸಬಾಳೆ, ಬ್ರೆಡ್ಡು, ಕೋಡುಬಳೆಯ ಪೊಟ್ಟಣ ಮಾಯ. ಟೂತ್‌ಪೇಸ್ಟ್ ಟ್ಯೂಬನ್ನು ಕಚ್ಚಿ, ರುಚಿ ಹಿಡಿಸದೆ ಬಿಸಾಡಿದ ಗುರುತಿದೆ. ಕೋತಿ ಎನ್ನಲು ಪತ್ತೇದಾರರೇನೂ ಬೇಕಿಲ್ಲ.

ಒಗಟಾಗಿರುವುದು ರಾತ್ರಿಯ ಲೂಟಿ. ರಾಗಿಹಿಟ್ಟಿನ ಚೀಲದ ತಳ ಹರಿದಿದೆ, ಬಾಯಿಗೆ ಕಟ್ಟಿದ ದಾರ ಕಟ್ಟಿದಂತೆಯೇ ಇದೆ. ಗೆಣಸು ಒಂದೂ ಉಳಿದಿಲ್ಲ. ಮೊಟ್ಟೆಯ ಟ್ರೇ ಅರ್ಧ ಖಾಲಿ, ಸಿಪ್ಪೆಗಳೆಲ್ಲ ಹತ್ತಿರದ ಒಂದೇ ಬಂಡೆಯ ಬುಡದಲ್ಲಿ ಬಿದ್ದಿವೆ. ಸಂಜೆ ಮೀನುಗಾರರಿಂದ ಕೊಂಡ ಮೀನನ್ನು ತಂಪಾಗಿರಲೆಂದು ಬಲೆಚೀಲದಲ್ಲಿ ಹಾಕಿ ನೀರಿಗೆ ಇಳಿಬಿಟ್ಟಿದ್ದೆವು. ಬಲೆ ತೂತಾಗಿದೆ, ಮೀನಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ಬೆಲ್ಲ. ಆಲೆಮನೆಯಿಂದ ತಂದ ಅಚ್ಚುಬೆಲ್ಲವನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ, ನೈಲಾನ್ ಹಗ್ಗದಿಂದ ಹೊಳೆಮತ್ತಿ ಮರದ ಕೊಂಬೆಗೆ ತೂಗುಹಾಕಿದ್ದೆವು. ಆಳೆತ್ತರಕ್ಕಿಂತ ಮೇಲಿತ್ತು. ಬೆಳಿಗ್ಗೆ ನೋಡಿದರೆ ಹಗ್ಗದ ತುಂಡು ಮಾತ್ರ ಕೊಂಬೆಯಲ್ಲಿದೆ. ಡಬ್ಬ ಸಿಕ್ಕಿದ್ದು ಇಳಿಜಾರಿನ ಕೆಳಗೆ ಪೊದೆಯೊಳಗೆ, ಅಪ್ಪಚ್ಚಿಯಾಗಿ. ಒಂದು ಚೂರು ಬೆಲ್ಲವೂ ಇಲ್ಲ, ಒಳಗೆಲ್ಲ ನೆಕ್ಕಿದಂತೆ ನುಣುಪು.

ಇನ್ನೊಂದು ಮರೆತೆ, ದೊಡ್ಡ ಟಾರ್ಚೂ ಕಾಣೆಯಾಗಿದೆ.

ಸುಮ್ಮನೆ ಓದುವವನು, ಶ್ರೀರಂಗಪಟ್ಟಣ

ಬೆಲ್ಲ, ಮೀನು, ಮೊಟ್ಟೆ, ಮೇಲೊಂದು ಟಾರ್ಚು. ಇದು ಎರಡು ಕಾಲಿನ ಪ್ರಾಣಿಯ ಕೆಲಸ ಅಣ್ಣ. ಪಕ್ಕದ ತೋಟದಲ್ಲಿ ಆ ರಾತ್ರಿ ಮೀನುಸಾರಿನ ವಾಸನೆ ಬಂದಿತ್ತೇ ಎಂದು ವಿಚಾರಿಸಿ ನೋಡಿ.

ಹಳೆಯ ಗಾರ್ಡು, ಮಳವಳ್ಳಿ

ಮನುಷ್ಯನಾಗಿದ್ದರೆ ಚೀಲವನ್ನೇ ಹೊತ್ತೊಯ್ಯುತ್ತಿದ್ದ, ತಳ ಹರಿಯುತ್ತಿರಲಿಲ್ಲ.

ನೀವು ಒಬ್ಬ ಕಳ್ಳನನ್ನು ಹುಡುಕುತ್ತಿದ್ದೀರಿ. ಬಂದವರು ಒಬ್ಬರಲ್ಲ. ರಾಗಿಹಿಟ್ಟು ಮತ್ತು ಗೆಣಸು ಕಾಡುಹಂದಿಯ ಪಾಲಾಗಿದೆ. ಹಂದಿಗೆ ಚೀಲದ ಬಾಯಿ ಯಾವುದು ಎಂಬ ಚಿಂತೆಯಿಲ್ಲ. ಮೂತಿಗೆ ತಾಗಿದ ಕಡೆ ಹರಿಯುತ್ತದೆ, ಮೂತಿ ತಾಗುವುದು ನೆಲಮಟ್ಟದಲ್ಲಿ. ಸುತ್ತ ಮಣ್ಣು ಗೆಬರಿದ್ದರೆ ಅನುಮಾನವೇ ಬೇಡ. ಹೆಜ್ಜೆ ನೋಡಿ: ಸೀಳಿದ ಗೊರಸು, ಮಣ್ಣು ಮೆತ್ತಗಿದ್ದರೆ ಅದರ ಹಿಂದೆ ಎರಡೂ ಪಕ್ಕಕ್ಕೆ ಚಾಚಿಕೊಂಡ ಸಣ್ಣ ಗೊರಸಿನ ಗುರುತು. ಜಿಂಕೆಯ ಹೆಜ್ಜೆಗೂ ಇದಕ್ಕೂ ಅಲ್ಲೇ ವ್ಯತ್ಯಾಸ.

ಮೊಟ್ಟೆಯ ಸಿಪ್ಪೆ ಒಂದೇ ಬಂಡೆಯ ಬಳಿ ಬಿದ್ದಿದೆ ಎಂದಿರಿ. ಅದು ಮುಂಗುಸಿ. ಮೊಟ್ಟೆಯನ್ನು ಮುಂಗಾಲಿನಲ್ಲಿ ಹಿಡಿದು, ಬಂಡೆಗೆ ಬೆನ್ನುಹಾಕಿ ನಿಂತು, ಹಿಂಗಾಲುಗಳ ನಡುವೆ ಹಿಂದಕ್ಕೆ ಎಸೆದು ಒಡೆಯುತ್ತದೆ. ಆದರೆ ಮುಂಗುಸಿ ಹಗಲಿನ ಪ್ರಾಣಿ. ನೀವು ಎದ್ದದ್ದು ತಡವಾಗಿರಬೇಕು, ಬೆಳಕು ಹರಿದ ಮೇಲೆ ಬಂದು ತಿಂದು ಹೋಗಿದೆ.

ಬೆಲ್ಲದ ವಿಷಯಕ್ಕೆ ಈಗಲೇ ಬಾಯಿ ಹಾಕುವುದಿಲ್ಲ. ಮೊದಲು ಆ ಮರದ ಕಾಂಡದ ಚಿತ್ರ ಹಾಕಿ. ಹೊಳೆಮತ್ತಿಯ ತೊಗಟೆ ನುಣುಪು, ಬಿಳಿಚು. ಅದರ ಮೇಲೆ ಯಾರು ಹತ್ತಿದರೂ ಗೀರು ಕಾಣುತ್ತದೆ.

ತೆಪ್ಪದ ಮನೆ, ಮುತ್ತತ್ತಿ

ಮೀನಿನ ಕಳ್ಳ ನಮಗೆ ಚೆನ್ನಾಗಿ ಗೊತ್ತು, ನೀರುನಾಯಿ. ಬಲೆಚೀಲ ಕಟ್ಟಿದ್ದ ಜಾಗದ ಆಚೀಚೆ ಚಪ್ಪಟೆ ಬಂಡೆಯೇನಾದರೂ ಇತ್ತೇ? ಅದರ ಮೇಲೆ ಕಪ್ಪಗೆ, ತೇವವಾಗಿ, ಮೀನಿನ ಪೊರೆ ತುಂಬಿಕೊಂಡ ಹಿಕ್ಕೆ ಕಂಡರೆ ಅವುಗಳದ್ದೇ. ನಾತ ಮೂಗಿಗೆ ಬಡಿಯುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಒಂದೊಂದು ಬಾರಿ ಇಡೀ ಸಂಸಾರವೇ ಬರುತ್ತದೆ. ನಮ್ಮವರ ಬಲೆಗಳನ್ನೂ ಹೀಗೆಯೇ ತೂತು ಮಾಡುತ್ತವೆ. ಹೊಲಿಯುತ್ತ ಕೂತಾಗ ಶಾಪ ಹಾಕುತ್ತೇವೆ, ಮರಿಗಳನ್ನು ಕಟ್ಟಿಕೊಂಡು ಈಜುವುದನ್ನು ಕಂಡಾಗ ನಿಂತು ನೋಡುತ್ತೇವೆ.

ಒಂದು ಮಾತು ಕೇಳಲೇಬೇಕು. ಮೀನನ್ನು ಎಲ್ಲಿ ಹೆಚ್ಚಿ ತೊಳೆದಿರಿ? ನೀರಿನ ಅಂಚಿನಲ್ಲಾದರೆ ಇನ್ನು ಮುಂದೆ ದಯವಿಟ್ಟು ಬೇಡ. ಈ ಹೊಳೆಯ ಉದ್ದಕ್ಕೂ ಮೊಸಳೆ ಇದೆ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತು ಬಂಡೆಯ ಮೇಲೆ ಬಾಯ್ತೆರೆದು ಮಲಗಿದ್ದನ್ನು ನೋಡುತ್ತೀರಲ್ಲ, ಅದೇ ಜಾತಿ. ಕರುಳು, ರಕ್ತ ನೀರಿಗೆ ಬಿಟ್ಟ ಜಾಗಕ್ಕೆ ಅದು ಬಂದೇ ಬರುತ್ತದೆ. ಮಾರನೆಯ ಬೆಳಿಗ್ಗೆ ಪಾತ್ರೆ ತೊಳೆಯಲು ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕೂರುವವರು ನೀವೇ ಅಲ್ಲವೇ?

ತೆಂಗಿನ ನೆರಳು, ಮಂಡ್ಯ

ಅಕ್ಕ, ಬಂಡೆ ಇತ್ತು. ನಾತವೂ ಇತ್ತು. ನಮ್ಮಲ್ಲೊಬ್ಬನ ಬೂಟಿನದು ಎಂದು ರಾತ್ರಿಯೆಲ್ಲ ಅವನನ್ನು ಬೈದದ್ದು ಸುಳ್ಳು ಆರೋಪವಾಯಿತು.

ಮೀನು ಹೆಚ್ಚಿದ್ದು ತೋಟದ ಮೋಟಾರಿನ ತೊಟ್ಟಿಯ ಬಳಿ. ಟಾರ್ಚು ಕಾರಿನ ಸೀಟಿನಡಿ ಸಿಕ್ಕಿತು. ಶ್ರೀರಂಗಪಟ್ಟಣದವರು ಇನ್ನು ಪಕ್ಕದ ತೋಟದವರನ್ನು ಬಿಟ್ಟುಬಿಡಬಹುದು.

ಕಾಂಡದ ಚಿತ್ರ ಹಾಕಿದ್ದೇನೆ. ಬಿಳಿ ತೊಗಟೆಯ ಮೇಲೆ ಎದೆಮಟ್ಟದಿಂದ ಮೇಲಕ್ಕೆ ಗೀರುಗಳಿವೆ. ಒಂದರ ಪಕ್ಕ ಒಂದರಂತೆ ನಾಲ್ಕೈದು, ಉಗುರು ನೆಟ್ಟು ಜಾರಿದಂತೆ. ಗೀರಿನ ಒಳಗೆ ತೊಗಟೆ ಹಸಿಯಾಗಿ ಕೆಂಪಗಿದೆ, ಹಳೆಯದಲ್ಲ.

ಕುವೆಂಪುನಗರದ ಮೇಷ್ಟ್ರು, ಮೈಸೂರು

ಗೀರು ಎಂದ ಕೂಡಲೇ ಚಿರತೆ ಎಂದು ಯಾರೂ ಹೆದರಿಸುವುದು ಬೇಡ. ಚಿರತೆ ಮರ ಹತ್ತುತ್ತದೆ, ನಿಜ, ಬೆಲ್ಲಕ್ಕಾಗಿ ಹತ್ತುವುದಿಲ್ಲ. ಪುನುಗು ಬೆಕ್ಕು ಇರಬಹುದು. ಸಿಹಿ ಹಣ್ಣು ಅದಕ್ಕೆ ಇಷ್ಟ, ರಾತ್ರಿ ಓಡಾಡುತ್ತದೆ, ಹಗ್ಗದ ಮೇಲೂ ನಡೆಯಬಲ್ಲದು.

ಹಳೆಯ ಗಾರ್ಡು, ಮಳವಳ್ಳಿ

ಮೇಷ್ಟ್ರೇ, ಪುನುಗಿನ ತೂಕ ಮೂರು ನಾಲ್ಕು ಕಿಲೋ. ಅದು ಡಬ್ಬವನ್ನು ಅಪ್ಪಚ್ಚಿ ಮಾಡುವುದಿಲ್ಲ. ಅದರ ಉಗುರಿನಿಂದ ಹೊಳೆಮತ್ತಿಯ ತೊಗಟೆಯಲ್ಲಿ ಕೆಂಪು ಕಾಣುವಷ್ಟು ಗೀರು ಬೀಳುವುದೂ ಇಲ್ಲ.

ತೆಂಗಿನ ನೆರಳಿನವರೇ, ಇದು ಕರಡಿ ಎಂದು ನನ್ನ ಅನುಮಾನ. ಆಚೆ ದಡದ ಕಾವೇರಿ ವನ್ಯಜೀವಿ ಅಭಯಾರಣ್ಯ 1987ರಲ್ಲಿ ಘೋಷಣೆಯಾದದ್ದು, ಅಲ್ಲಿ ಕರಡಿ ಮೊದಲಿನಿಂದಲೂ ಇದೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಪ್ರಾಣಿಗಳಿಗೆ ಈಚೆ ಬರಲು ತೆಪ್ಪ ಬೇಡ. ಕರಡಿಯ ಕಣ್ಣೂ ಕಿವಿಯೂ ಮಂದ, ಮೂಗು ಮಾತ್ರ ಬಲು ಚುರುಕು. ಜೇನಿಗಾಗಿ ಮರ ಹತ್ತುವ ಪ್ರಾಣಿಗೆ ಬೆಲ್ಲದ ಡಬ್ಬ ಯಾವ ಲೆಕ್ಕ? ಹೊಸಪೇಟೆ ಕಡೆಯ ದರೋಜಿ ಕರಡಿಧಾಮದಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಕರಡಿಗಳನ್ನು ಪ್ರವಾಸಿಗರ ಕಣ್ಣಿಗೆ ಬೀಳಿಸುವುದನ್ನು ಕೇಳಿರಬಹುದು. ನೀವು ಅದೇ ಏರ್ಪಾಟನ್ನು ಡೇರೆಯ ಪಕ್ಕದಲ್ಲಿ ಮಾಡಿದ್ದಿರಿ.

ಹೆಜ್ಜೆಗುರುತು ಏನಾದರೂ ಇದೆಯೇ? ಹಿಂಗಾಲಿನ ಅಚ್ಚು ಮನುಷ್ಯನ ಬರಿಗಾಲಿನಂತೆಯೇ ಇರುತ್ತದೆ. ಮುಂಗಾಲಿನದಾದರೆ ಬೆರಳುಗಳ ಗುರುತಿನಿಂದ ಸಾಕಷ್ಟು ಮುಂದೆ ಉಗುರಿನ ಚುಕ್ಕೆಗಳು ಬಿದ್ದಿರುತ್ತವೆ. ಉಗುರೇ ಮೂರು ಅಂಗುಲ ಉದ್ದ.

ತೆಂಗಿನ ನೆರಳು, ಮಂಡ್ಯ

ಬರಿಗಾಲಿನ ಗುರುತು ಅಲ್ಲೆಲ್ಲ ನಮ್ಮದೇ ತುಂಬಿತ್ತು ಸರ್. ಈಗ ನೆನೆದರೆ ಮೈ ನಡುಗುತ್ತಿದೆ.

ಬಾಣಸಿಗ, ಮದ್ದೂರು

ನದಿ ಪ್ರವಾಸದ ತಂಡಗಳಿಗೆ ಅಡುಗೆ ಮಾಡಿಕೊಡುವುದೇ ನನ್ನ ಕಸುಬು. ಯಾವ ಪ್ರಾಣಿ ಎಂಬ ಚರ್ಚೆ ಇರಲಿ, ಸಾಮಾನು ಉಳಿಸುವುದು ಹೇಗೆ ಎನ್ನುವುದನ್ನು ಹೇಳುತ್ತೇನೆ.

ಪ್ಲಾಸ್ಟಿಕ್ ಡಬ್ಬ, ಥರ್ಮೋಕೋಲ್ ಪೆಟ್ಟಿಗೆ, ಬಟ್ಟೆಚೀಲ ಇವು ಯಾವುವೂ ದಾಸ್ತಾನು ಇಡಲು ಲಾಯಕ್ಕಲ್ಲ. ಥರ್ಮೋಕೋಲನ್ನು ಕಾಗೆಯೇ ಕುಕ್ಕಿ ತೂತು ಮಾಡುತ್ತದೆ. ನಾನು ಒಯ್ಯುವುದು ಹಾಲಿನ ಡೇರಿಯ ಹಳೆಯ ಅಲ್ಯೂಮಿನಿಯಂ ಕ್ಯಾನು, ನಲವತ್ತು ಲೀಟರಿನದು. ಅಕ್ಕಿ, ಬೇಳೆ, ಹಿಟ್ಟು, ಬೆಲ್ಲ, ಸಾರಿನಪುಡಿ ಎಲ್ಲ ಪೊಟ್ಟಣ ಕಟ್ಟಿ ಒಳಗಿಟ್ಟು ಮುಚ್ಚಳ ಬಿಗಿದರೆ ವಾಸನೆ ಹೊರಗೆ ಬರುವುದಿಲ್ಲ, ಮಳೆ ಬಂದರೆ ನೀರು ಒಳಗೆ ಹೋಗುವುದಿಲ್ಲ. ತೆಪ್ಪ ಮಗುಚಿದರೂ ಕ್ಯಾನು ತೇಲುತ್ತದೆ. ಕೋತಿ ಅದರ ಮೇಲೆ ಕೂತು ತಬಲಾ ಬಾರಿಸಬಹುದು, ಅಷ್ಟೇ. ಹಂದಿ ಉರುಳಿಸುತ್ತದೆ, ತೆರೆಯಲಾರದು. ಮುಚ್ಚಳದ ಹಿಡಿಗೂ ಕ್ಯಾನಿನ ಕಿವಿಗೂ ಸೇರಿಸಿ ಒಂದು ತಂತಿ ಸುತ್ತಿಬಿಡಿ.

ತೂಗುಹಾಕುವುದನ್ನು ಯಾರು ಹೇಳಿಕೊಟ್ಟರೋ! ನಮ್ಮ ಅಜ್ಜಿಯರು ಬೆಣ್ಣೆ ಗಡಿಗೆಯನ್ನು ನೆಲುವಿನಲ್ಲಿ ಇಟ್ಟದ್ದು ಬೆಕ್ಕು ಮತ್ತು ಇರುವೆಗೆ ಹೆದರಿ. ಮನೆಯ ಜಂತೆಗೆ ಅದು ಸರಿ, ಕೊಂಬೆಗೆ ಅಲ್ಲ. ಕೋತಿ, ಕರಡಿ, ಪುನುಗು ಮೂರಕ್ಕೂ ಮರವೇ ಮನೆ. ಹಂದಿ ಮತ್ತು ನಾಯಿಗಷ್ಟೇ ನೆಲುವು ಉತ್ತರ.

ಕುವೆಂಪುನಗರದ ಮೇಷ್ಟ್ರು, ಮೈಸೂರು

ತೂಗುಹಾಕುವ ಪದ್ಧತಿಯನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ಎರಡು ಮರಗಳ ನಡುವೆ ಹಗ್ಗ ಎಳೆದು, ಅದರ ನಟ್ಟನಡುವೆ, ಎರಡೂ ಕಾಂಡಗಳಿಂದ ದೂರವಾಗಿ ಇಳಿಬಿಟ್ಟರೆ ಭಾರದ ಪ್ರಾಣಿಗೆ ಸಿಗುವುದಿಲ್ಲ. ಇವರು ಕಟ್ಟಿದ್ದು ಒಂದೇ ಕೊಂಬೆಗೆ.

ಬಾಣಸಿಗ, ಮದ್ದೂರು

ಕತ್ತಲಲ್ಲಿ, ಹಸಿದ ಹೊಟ್ಟೆಯಲ್ಲಿ, ಎರಡು ಮರಗಳ ನಡುವೆ ಹಗ್ಗ ಎಳೆಯುವ ಹುಡುಗರನ್ನು ಒಮ್ಮೆ ಕಣ್ಣಾರೆ ನೋಡಿ ಮೇಷ್ಟ್ರೇ, ಆಮೇಲೆ ನನ್ನ ಕ್ಯಾನಿನ ಬಗ್ಗೆ ಮಾತನಾಡೋಣ.

ಬೆಟ್ಟದ ಪಾದ, ಮೈಸೂರು

ಎಲ್ಲರೂ ಪ್ರಾಣಿಗಳನ್ನು ಕಳ್ಳರು ಎನ್ನುತ್ತಿದ್ದೀರಿ. ಕೇಳಲು ಕಷ್ಟವಾಗುತ್ತದೆ. ಜಾಗ ಅವುಗಳದ್ದು, ಹೋಗಿ ಕೂತವರು ನಾವು. ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗಲೆಲ್ಲ ಕೋತಿಗಳಿಗೆ ಬಾಳೆಹಣ್ಣು, ಹುರಿಗಡಲೆ ಕೊಡುತ್ತೇನೆ. ಒಂದು ದಿನವೂ ಕಚ್ಚಿಲ್ಲ. ಮುತ್ತತ್ತಿಯಂತೂ ಆಂಜನೇಯನ ಸನ್ನಿಧಿ. ಸೀತಮ್ಮನವರ ಮೂಗುತಿ ಹೊಳೆಗೆ ಬಿದ್ದಾಗ ಬಾಲದಿಂದ ಎತ್ತಿಕೊಟ್ಟ ಸ್ವಾಮಿಯ ಜಾಗದಲ್ಲಿ ಕೋತಿಗೆ ಒಂದು ಹಣ್ಣು ಕೊಡಬಾರದು ಎಂದರೆ ಹೇಗೆ?

ತೆಪ್ಪದ ಮನೆ, ಮುತ್ತತ್ತಿ

ಅಣ್ಣ, ನಾವೂ ಮುತ್ತತ್ತಿರಾಯನ ಒಕ್ಕಲೇ. ನಿಮ್ಮ ಭಕ್ತಿಗೆ ಅಡ್ಡ ಮಾತಾಡುವುದಿಲ್ಲ. ಆದರೆ ನೀವು ಹಣ್ಣು ಕೊಟ್ಟು ಸಂಜೆಗೆ ಮೈಸೂರು ಸೇರುತ್ತೀರಿ. ಆ ಕೋತಿ ಉಳಿಯುವುದು ನಮ್ಮ ಜೊತೆ. ಅದಕ್ಕೆ ಕೈ ಕಂಡರೆ ಹಣ್ಣು, ಚೀಲ ಕಂಡರೆ ಊಟ ಎಂದು ಅಭ್ಯಾಸವಾಗಿರುತ್ತದೆ. ಸೋಮವಾರ ಭಕ್ತರಿಲ್ಲ. ಆಗ ಅದು ಸ್ಕೂಲಿಗೆ ಹೋಗುವ ಮಗುವಿನ ಚೀಲ ಎಳೆಯುತ್ತದೆ, ನಮ್ಮ ಅಡುಗೆಮನೆಯ ಹೆಂಚು ತೆಗೆಯುತ್ತದೆ. ಮಗು ಕಿರುಚಿದರೆ ಹಲ್ಲು ಕಿರಿದು ಮೇಲೆ ಬೀಳುತ್ತದೆ. ದಡದಲ್ಲಿ ಹಣ್ಣಿನ ಅಂಗಡಿ ಇಟ್ಟ ಹೆಂಗಸರು ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದು ಕೈಯಲ್ಲಿ ಕೋಲು ಹಿಡಿದೇ ವ್ಯಾಪಾರ ಮಾಡುತ್ತಾರೆ.

ಈ ತೆಂಗಿನ ತೋಟಕ್ಕೆ ಬಂದ ಕೋತಿಗೆ ಜಿಪ್ ಎಳೆಯುವುದನ್ನು ಕಾಡು ಕಲಿಸಿಕೊಟ್ಟಿಲ್ಲ.

ಬೆಟ್ಟದ ಪಾದ, ಮೈಸೂರು

ಮಗುವಿನ ಚೀಲದ ಮಾತು ಒಪ್ಪುತ್ತೇನೆ ತಾಯಿ. ಆದರೂ ಹಸಿದ ಜೀವ ಎದುರಿಗೆ ಕೈ ಚಾಚಿದಾಗ ಮುಖ ತಿರುಗಿಸಲು ನನ್ನಿಂದ ಆಗುವುದಿಲ್ಲ. ಹೊಳೆಯ ದಂಡೆಯಲ್ಲಿ ಅತ್ತಿ, ನೇರಳೆ ಮರಗಳಿದ್ದಿದ್ದರೆ ಅವು ನಮ್ಮ ಬಳಿ ಬರುತ್ತಿದ್ದವೇ?

ಹಳೆಯ ಗಾರ್ಡು, ಮಳವಳ್ಳಿ

ಮುತ್ತತ್ತಿ ಸುತ್ತ ಅತ್ತಿ, ನೇರಳೆ, ಹೊಳೆಮತ್ತಿ, ಹುಣಸೆ ಈಗಲೂ ಇವೆ. ಅದೇ ದಂಡೆಯ ಮರಗಳಲ್ಲಿ ಬೂದುಬಣ್ಣದ ದೊಡ್ಡ ಅಳಿಲು ಬದುಕುತ್ತಿದೆ. ದೇಶದಲ್ಲಿ ಕೆಲವೇ ಕಡೆ ಉಳಿದಿರುವ ಜಾತಿ ಅದು. ಯಾರ ಚೀಲಕ್ಕೂ ಅದು ಕೈ ಹಾಕಿಲ್ಲ, ಯಾಕೆಂದರೆ ಯಾರೂ ಅದಕ್ಕೆ ಕೋಡುಬಳೆ ಕೊಟ್ಟಿಲ್ಲ. ಕೋತಿಗೆ ನೇರಳೆಗಿಂತ ಕೋಡುಬಳೆ ಲಾಭ. ಅರ್ಧ ದಿನ ಮರ ಮರ ಹಾರಿ ಸಿಗುವಷ್ಟು ಕಸುವು ಒಂದು ಪೊಟ್ಟಣದಲ್ಲಿ ಸಿಗುತ್ತದೆ. ಗಲ್ಲದ ಚೀಲದಲ್ಲಿ ತುಂಬಿಕೊಂಡು ಹೋಗಿ ನಿಧಾನವಾಗಿ ತಿನ್ನುತ್ತದೆ. ನಾವಾದರೂ ಹಾಗೆಯೇ ಮಾಡುತ್ತಿದ್ದೆವು.

ವಾರ್ಡ್ ಡ್ಯೂಟಿ, ಮೈಸೂರು

ಮಾತು ಕಚ್ಚುವುದರ ಕಡೆಗೆ ಬಂದದ್ದರಿಂದ ವೈದ್ಯೆಯಾಗಿ ಸ್ವಲ್ಪ ಹೇಳುತ್ತೇನೆ. ಕೋತಿ ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ತಕ್ಷಣ ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಹದಿನೈದು ನಿಮಿಷ ಅಂದುಕೊಂಡದ್ದಕ್ಕಿಂತ ಬಹಳ ಉದ್ದ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಯಾವುದನ್ನೂ ಮೆತ್ತಬೇಡಿ. ಗಾಯಕ್ಕೆ ಬಟ್ಟೆ ಬಿಗಿದು ಕಟ್ಟಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರು ಮಾಡಬೇಕು. ಚರ್ಮಕ್ಕೆ ಕೊಡುವ ಕ್ರಮದಲ್ಲಾದರೆ ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ. ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ಪ್ರವಾಸ ಮುಗಿಸಿಕೊಂಡು ಸೋಮವಾರ ಬಂದು ತೋರಿಸುತ್ತೇವೆ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಿತ್ತುಕೊಂಡದ್ದನ್ನು ಬಿಟ್ಟುಬಿಡಿ. ಹೆಚ್ಚಿನ ಗಾಯಗಳು ಆಗುವುದು ಚೀಲದ ಎರಡು ತುದಿ ಹಿಡಿದು ಜಗ್ಗಾಡುವಾಗ. ಕೋತಿಯ ಕಣ್ಣಿಗೆ ಕಣ್ಣು ನೆಟ್ಟು ಹಲ್ಲು ಬಿಟ್ಟು ನಗಬೇಡಿ, ಅದಕ್ಕೆ ಅದು ಜಗಳದ ಕರೆ.

ಸುಮ್ಮನೆ ಓದುವವನು, ಶ್ರೀರಂಗಪಟ್ಟಣ

ಪಟಾಕಿ ಹೊಡೆದರೆ? ಅಥವಾ ಹುಲಿಯ ಬೊಂಬೆ? 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಕೋತಿ ಓಡಿಸಲು ಸಾಕುನಾಯಿಗೆ ಹುಲಿಪಟ್ಟೆ ಬಳಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

ಹಳೆಯ ಗಾರ್ಡು, ಮಳವಳ್ಳಿ

ಪಟಾಕಿ ಬೇಡವೇ ಬೇಡ. ಆಚೆ ದಡದಲ್ಲಿ ಆನೆ ನೀರಿಗೆ ಇಳಿದಿದ್ದರೆ ಅದು ಗಾಬರಿಯಾಗಿ ಯಾವ ಕಡೆ ನುಗ್ಗುತ್ತದೆ ಎಂದು ಅದಕ್ಕೂ ಗೊತ್ತಿರುವುದಿಲ್ಲ. ಬೊಂಬೆಗೆ ಕೋತಿ ಕೆಲವು ದಿನ ಹೆದರಿ, ಆಮೇಲೆ ಅದರ ತಲೆಯ ಮೇಲೆ ಕೂತು ಹೇನು ಹೆಕ್ಕುತ್ತದೆ.

ಕೋತಿ, ಹಂದಿ, ಮುಂಗುಸಿಗೆಲ್ಲ ಮದ್ದೂರಿನವರ ಕ್ಯಾನು ಸಾಕು. ಕರಡಿಗೂ ಆನೆಗೂ ಯಾವ ಕ್ಯಾನೂ ಸಾಲದು. ಆನೆಗೆ ಉಪ್ಪು, ಬೆಲ್ಲ, ಹಲಸಿನ ಹಣ್ಣು, ಭತ್ತ, ಹುಳಿಬಂದ ಯಾವುದೇ ಪದಾರ್ಥದ ವಾಸನೆ ಬಹಳ ದೂರಕ್ಕೆ ತಿಳಿಯುತ್ತದೆ. ಅದಕ್ಕೆ ಡೇರೆಯ ಬಟ್ಟೆ ಅಡ್ಡಿಯೇ ಅಲ್ಲ. ಒಳಗೆ ಮಲಗಿದವನು ಅದರ ಗಮನಕ್ಕೂ ಬಾರದೆ ಕಾಲಿಗೆ ಸಿಗಬಹುದು. ಆದ್ದರಿಂದ ಬೇಯಿಸುವ ಜಾಗ, ದಾಸ್ತಾನಿನ ಜಾಗ, ಮಲಗುವ ಜಾಗ ಮೂರೂ ಬೇರೆ ಬೇರೆ ಇರಲಿ, ನಡುವೆ ನೂರು ಹೆಜ್ಜೆಯಾದರೂ ಅಂತರವಿರಲಿ. ನಿಮಗಂತೂ ತೋಟದ ಪಂಪ್‌ಹೌಸ್ ಇದೆ. ಗೋಡೆ, ಕಬ್ಬಿಣದ ಬಾಗಿಲು, ಚಿಲಕ ಎಲ್ಲ ಇರುವಾಗ ಬೆಲ್ಲ ಮರಕ್ಕೆ ಯಾಕೆ ಏರಿತು? ಡೇರೆಯೊಳಗೆ ಬಿಸ್ಕೆಟ್ಟಿನ ಚೂರೂ ಇರಬಾರದು. ಅಡುಗೆ ಮಾಡಿದ ಬಟ್ಟೆಯಲ್ಲೇ ಮಲಗಬಾರದು.

ಬೆಂಕಿ ಹಾಕಿಕೊಂಡರೆ ಯಾವುದೂ ಹತ್ತಿರ ಬರುವುದಿಲ್ಲ ಎಂದು ಹಲವರು ನಂಬಿದ್ದಾರೆ. ನಡುರಾತ್ರಿ ಎಲ್ಲರೂ ಮಲಗಿದ ಮೇಲೆ ಉಳಿಯುವುದು ಬೂದಿ. ಬೂದಿಗೆ ಯಾವ ಹಂದಿಯೂ ಹೆದರುವುದಿಲ್ಲ. ಬೇಸಿಗೆಯಲ್ಲಿ ಒಂದು ಕಿಡಿ ಹಾರಿದರೆ ಕಾಡಿಗೇ ಆಪತ್ತು.

ಅಭಯಾರಣ್ಯದ ಗಡಿಯೊಳಗೆ ಅನುಮತಿಯಿಲ್ಲದೆ ಡೇರೆ ಹಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಇವರು ಹೊರಗಿದ್ದರು, ಸರಿ. ಇದನ್ನು ಓದಿ ಉತ್ಸಾಹದಿಂದ ಹೊರಡುವವರಿಗಾಗಿ ಹೇಳಿದೆ.

ಕಬ್ಬಿನಗದ್ದೆ, ತಿ. ನರಸೀಪುರ

ಕಸದ ಬಗ್ಗೆ ಯಾರೂ ಹೇಳಲಿಲ್ಲ. ಕೋಳಿಯ ಮೂಳೆ, ಮೀನಿನ ತಲೆ ಅಲ್ಲೇ ಎಸೆದರೆ ಮೊದಲು ಬರುವುದು ಊರಿನ ನಾಯಿ. ನಾಯಿಗಳು ಸೇರಿದ ಕಡೆಗೆ ಚಿರತೆ ಬರುತ್ತದೆ. 2022ರ ಕೊನೆಯಿಂದ 2023ರ ಜನವರಿಯವರೆಗೆ ನಮ್ಮ ತಾಲ್ಲೂಕಿನಲ್ಲಿ ಚಿರತೆ ನಾಲ್ವರನ್ನು ಕೊಂದಿತು. ಕತ್ತಲಾದ ಮೇಲೆ ಗದ್ದೆಗೆ ನೀರು ಕಟ್ಟಲು ಹೋಗುವುದನ್ನೇ ಜನ ಬಿಟ್ಟಿದ್ದರು. ಹೊಳೆಯ ಪಕ್ಕ ಕಬ್ಬು ಎದ್ದು ನಿಂತಿರುವ ಕಡೆಯಲ್ಲೆಲ್ಲ ನಮಗೆ ಈಗಲೂ ಆ ಎಚ್ಚರ ಇದೆ. ಪ್ರವಾಸಿಗರು ಮಾಂಸದ ಎಲೆಗಳನ್ನು ಬದುವಿನ ಮೇಲೆ ಎಸೆದು ಹೋಗುವುದನ್ನು ಕಂಡಾಗ ಅವರನ್ನು ಕರೆದು ಒಂದು ರಾತ್ರಿ ಅಲ್ಲಿಯೇ ಕೂರಿಸಬೇಕು ಎನಿಸುತ್ತದೆ.

ಬಾಣಸಿಗ, ಮದ್ದೂರು

ಸರಿಯಾಗಿ ಹೇಳಿದಿರಿ. ಹೂತರೂ ಪ್ರಯೋಜನವಿಲ್ಲ, ಹಂದಿ ಗೆಬರಿ ತೆಗೆಯುತ್ತದೆ. ಸೊಪ್ಪು, ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಗಂಜಿಯನ್ನೆಲ್ಲ ತೋಟದವರ ಕಲಗಚ್ಚಿನ ಬಕೆಟ್ಟಿಗೆ ಸುರಿಯಿರಿ, ಹಸು ಹರಸುತ್ತದೆ. ಮೂಳೆ, ಮುಳ್ಳು, ಪ್ಲಾಸ್ಟಿಕ್ ಮಾತ್ರ ಗಟ್ಟಿ ಚೀಲದಲ್ಲಿ ಕಟ್ಟಿ ಊರಿಗೆ ವಾಪಸು ತರಬೇಕು.

ಊಟದ ಆಯ್ಕೆಯಲ್ಲೇ ಅರ್ಧ ತಲೆನೋವು ಕಡಿಮೆ ಮಾಡಬಹುದು. ಬಾಳೆಹಣ್ಣು, ಹಲಸು, ಒಣಮೀನು ಹೊಳೆದಂಡೆಗೆ ಬೇಡ. ಅವಲಕ್ಕಿ, ಹುರಿಹಿಟ್ಟು, ಹುರುಳಿ, ಚಟ್ನಿಪುಡಿ ಇದ್ದರೆ ಎರಡು ದಿನ ಧಾರಾಳವಾಗಿ ನಡೆಯುತ್ತದೆ. ಮುದ್ದೆಗೆ ಬೇಕಾದಷ್ಟು ಹಿಟ್ಟನ್ನು ಹೊತ್ತು ಹೊತ್ತಿಗೆ ಅಳೆದು ಬೇರೆ ಬೇರೆ ಪೊಟ್ಟಣ ಮಾಡಿಕೊಳ್ಳಿ. ಒಂದು ಹೋದರೂ ಉಳಿದದ್ದು ಇರುತ್ತದೆ.

ತೆಪ್ಪದ ಮನೆ, ಮುತ್ತತ್ತಿ

ಮುದ್ದೆ ಎಂದಿರಲ್ಲ, ಮುದ್ದೆಯ ಪಾತ್ರೆಯನ್ನೂ ಹೊಳೆಯಲ್ಲಿ ಅದ್ದಬೇಡಿ. ನಮ್ಮ ಬಿಳಿಮೀನಿಗೆ, ಅಂದರೆ ಮಹಸೀರ್‌ಗೆ, ರಾಗಿ ಎಂದರೆ ಪ್ರಾಣ. ಹಿಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಗಾಳದವರು ಬರುತ್ತಿದ್ದಾಗ ರಾಗಿ ಉಂಡೆಯನ್ನೇ ಗಾಳಕ್ಕೆ ಮೆತ್ತುತ್ತಿದ್ದದ್ದು. ನಮ್ಮ ಅಪ್ಪ ಅವರನ್ನು ತೆಪ್ಪದಲ್ಲಿ ಕರೆದೊಯ್ಯುತ್ತಿದ್ದರು. ದೊರೆಗಳಂಥ ಮೀನು, ಹಿಡಿದು ತೂಗಿ ಮತ್ತೆ ನೀರಿಗೇ ಬಿಡುತ್ತಿದ್ದರು. ಈಗ ಆ ಗುಬುಟು ಬೆನ್ನಿನ ಬಿಳಿಮೀನು ಅಳಿವಿನ ಅಂಚಿನಲ್ಲಿದೆ ಎಂದು 2018ರಲ್ಲಿ ಜಾಗತಿಕ ಪಟ್ಟಿಗೇ ಸೇರಿಸಿದ್ದಾರೆ. ಪಾತ್ರೆಯ ರಾಗಿಗೆ ಮೀನು ದಡಕ್ಕೆ ಬರುತ್ತದೆ, ಅದರ ಹಿಂದೆ ನೀರುನಾಯಿ, ಮೊಸಳೆ.

ಇನ್ನೊಂದು, ಮರಳಿನ ದಿಣ್ಣೆಯ ಮೇಲೆ ಡೇರೆ ಹಾಕುವವರಿಗೆ. ಮೇಲೆ ಕನ್ನಂಬಾಡಿಯಿಂದಲೋ ಕಬಿನಿಯಿಂದಲೋ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಆಗ ದಾಸ್ತಾನು ಒಯ್ಯುವುದು ಪ್ರಾಣಿಯಲ್ಲ.

ತೆಂಗಿನ ನೆರಳು, ಮಂಡ್ಯ

ಎಲ್ಲರಿಗೂ ವಂದನೆ. ನಿನ್ನೆ ತೋಟದ ಮಾಲೀಕರಿಗೆ ಫೋನ್ ಮಾಡಿ ಗೀರಿನ ವಿಷಯ ಹೇಳಿದೆ. ಅವರು ಹೋಗಿ ಸುತ್ತ ನೋಡಿದ್ದಾರೆ. ಬೇಲಿಯ ಆಚೆ ಹಳ್ಳದ ಪಕ್ಕದಲ್ಲಿ ಒಂದು ದೊಡ್ಡ ಗೆದ್ದಲು ಹುತ್ತ ಇದೆಯಂತೆ. ಅದನ್ನು ಬುಡದಲ್ಲಿ ಯಾರೋ ಹಾರೆ ಹಾಕಿ ಅಗೆದಂತೆ ತೋಡಲಾಗಿದೆ, ಮಣ್ಣೆಲ್ಲ ಒಂದೇ ಕಡೆಗೆ ಬಿದ್ದಿದೆ. ಹುತ್ತಕ್ಕೆ ಪೂಜೆ ಮಾಡುವ ಜನ ಅದನ್ನು ಅಗೆಯುವುದಿಲ್ಲ ಎನ್ನುತ್ತಾರೆ. ಮದ್ದೂರಿನವರೇ, ಹಳೆಯ ಕ್ಯಾನು ಎಲ್ಲಿ ಸಿಗುತ್ತದೆ?

ಬಾಣಸಿಗ, ಮದ್ದೂರು

ಹಾಲು ತಣಿಸುವ ದೊಡ್ಡ ಟ್ಯಾಂಕು ಬಂದಿರುವ ಊರುಗಳಲ್ಲಿ ಕ್ಯಾನುಗಳು ಮೂಲೆ ಸೇರಿವೆ, ಡೇರಿ ಕಾರ್ಯದರ್ಶಿಯನ್ನು ಕೇಳಿ. ಗುಜರಿ ಅಂಗಡಿಯಲ್ಲೂ ಸಿಗುತ್ತದೆ. ಮುಚ್ಚಳದ ರಬ್ಬರ್ ಬಳೆ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿಸಿ, ಇಲ್ಲದಿದ್ದರೆ ವಾಸನೆ ಸೋರುತ್ತದೆ. ಬಿಸಿಲಿನಲ್ಲಿ ಒಂದು ದಿನ ಒಣಗಿಸಿ, ಹುಳಿಹಾಲಿನ ವಾಸನೆ ಹೋಗುವವರೆಗೆ ಸೀಗೆಪುಡಿ ಹಾಕಿ ಉಜ್ಜಬೇಕು.

ಹಳೆಯ ಗಾರ್ಡು, ಮಳವಳ್ಳಿ

ಹುತ್ತದ ಮಾತು ಕೇಳಿದ ಮೇಲೆ ಅನುಮಾನ ಉಳಿದಿಲ್ಲ, ಕರಡಿಯೇ. ಅದರ ಮೇಲ್ದವಡೆಯ ನಡುವಿನ ಎರಡು ಹಲ್ಲು ಇರುವುದಿಲ್ಲ, ಆ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ಬೆಲ್ಲಕ್ಕಾಗಿ ಅಂದೊಂದು ದಿನ ಬಂದದ್ದಲ್ಲ, ಹುತ್ತಕ್ಕಾಗಿ ಮೊದಲಿನಿಂದ ಬರುತ್ತಿದೆ. ಹುತ್ತ ಇರುವವರೆಗೆ ಬರುತ್ತಲೇ ಇರುತ್ತದೆ, ಅದರ ಪಾಡಿಗೆ ಬಿಟ್ಟರೆ ತೊಂದರೆಯಿಲ್ಲ. ಆದರೆ ಕರಡಿ ಎದುರಾಎದುರು ಸಿಕ್ಕರೆ ತಾನೇ ಗಾಬರಿಬಿದ್ದು ಮುಖಕ್ಕೆ ಎರಗುತ್ತದೆ.

ಮಾಲೀಕರ ಮನೆಯವರು ಬೆಳಗಿನ ಜಾವ ಸೌದೆಗೂ ಬಯಲಿಗೂ ಆ ಹಳ್ಳದ ಕಡೆ ಹೋಗದಂತೆ ಇಂದೇ ಹೇಳಿ. ಹೋಗಲೇಬೇಕಾದರೆ ಇಬ್ಬರು ಜೊತೆಯಾಗಿ, ಗಟ್ಟಿಯಾಗಿ ಮಾತನಾಡಿಕೊಂಡು, ಕೋಲಿನಿಂದ ನೆಲ ಕುಟ್ಟುತ್ತ ಹೋಗಲಿ. ಗೀರಿನ ಚಿತ್ರವನ್ನೂ ಹುತ್ತದ ಚಿತ್ರವನ್ನೂ ಹತ್ತಿರದ ವಲಯ ಅರಣ್ಯ ಕಚೇರಿಗೆ ಕೊಟ್ಟುಬರಲಿ. ನಿಮ್ಮ ಮುಂದಿನ ಡೇರೆಯ ವಿಷಯ ಆಮೇಲೆ ಮಾತನಾಡೋಣ.